ನಿಲ್ಲದ ಕಣ್ಣಿಗೊಂದು ಸಮೀಕರಣ

ಹುಟ್ಟಿದ ಕೆಲವೇ ತಿಂಗಳಿಂದ ನನ್ನ ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಓಡಾಡುತ್ತಲೇ ಇವೆ. ವೈದ್ಯರು ಇದನ್ನು ಇನ್‌ಫೆಂಟೈಲ್ ನಿಸ್ಟ್ಯಾಗ್ಮಸ್ ಅನ್ನುತ್ತಾರೆ. ಹೊಸಬರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ನಿಂಗೆ ಎಲ್ಲಾ ಅಲ್ಲಾಡಿದ ಹಾಗೆ ಕಾಣುತ್ತಾ?' ಇಲ್ಲ. ದೊಡ್ಡವರಾದ ಮೇಲೆ ನಿಸ್ಟ್ಯಾಗ್ಮಸ್ ಬಂದವರಿಗೆ ಲೋಕ ಕುಣಿದಂತೆ ಕಾಣುವುದುಂಟು. ಎಳವೆಯಿಂದಲೇ ಇರುವ ನಮ್ಮಂಥವರಿಗೆ ಸಾಮಾನ್ಯವಾಗಿ ಎಲ್ಲ ನಿಂತಲ್ಲೇ ನಿಂತಿರುತ್ತದೆ. ದೂರದ ಬಸ್ಸಿನ ಬೋರ್ಡು ಓದುವಷ್ಟು ನಿಚ್ಚಳವಾಗಿ ಕಾಣುವುದಿಲ್ಲ, ಅಷ್ಟೆ.

ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ ಈ ಚಲನೆಯನ್ನು ಕಂಪ್ಯೂಟರಿನಲ್ಲಿ ಬರೆದು ನೋಡಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಶುರು ಮಾಡಲು ಸಾಕಾಗುವ ಸಮೀಕರಣ ಇಷ್ಟೇ ಇಷ್ಟು: ವೇಗ = ಕೆ × ದೂರ. ನೋಡಬೇಕಾದ ಬಿಂದುವಿನಿಂದ ಕಣ್ಣು ಎಷ್ಟು ಸರಿದಿದೆಯೋ, ಅದಕ್ಕೆ ತಕ್ಕಂತೆ ಇನ್ನೂ ಜೋರಾಗಿ ಸರಿಯುತ್ತದೆ; ಎಷ್ಟು ಜೋರು ಎನ್ನುವುದನ್ನು ತೀರ್ಮಾನಿಸುವ ಸಂಖ್ಯೆಯೇ ಕೆ. ಸಾಮಾನ್ಯವಾಗಿ ಮೆದುಳಿನ ಕಾಂಡದಲ್ಲಿರುವ ನ್ಯೂರಲ್ ಇಂಟಿಗ್ರೇಟರ್ ಎಂಬ ನರಜಾಲ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಅದು ಸೋರಿದರೆ, ಅಂದರೆ ಹಿಡಿತ ಸಡಿಲವಾದರೆ, ಕಣ್ಣು ನಿಧಾನವಾಗುತ್ತಾ ನಡುವಿಗೆ ಜಾರುತ್ತದೆ. ನಮ್ಮಲ್ಲಿ ಹಾಗಲ್ಲ, ಜಾರುತ್ತಾ ಜಾರುತ್ತಾ ವೇಗ ಏರುತ್ತದೆ. ಆಮೇಲೆ ಒಂದು ಸಕೇಡ್, ಅಂದರೆ ಥಟ್ಟನೆಯ ನೆಗೆತ, ಅದನ್ನು ಬಿಂದುವಿಗೆ ವಾಪಸ್ ತರುತ್ತದೆ.

ಕೆ ಬೆಲೆ ಸೆಕೆಂಡಿಗೆ 10 ಎಂದಿಟ್ಟೆ. 0.1 ಡಿಗ್ರಿಯಿಂದ ಹೊರಟ ಕಣ್ಣು 3 ಡಿಗ್ರಿ ಮುಟ್ಟಲು ಸುಮಾರು 0.34 ಸೆಕೆಂಡ್, ನೆಗೆತಕ್ಕೆ 0.04. ಅಲ್ಲಿಗೆ ಸೆಕೆಂಡಿಗೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು, ನಿಜವಾದ ಕಣ್ಣುಗಳಲ್ಲಿ ಕಾಣುವಂಥದ್ದೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಗ್ರಾಫಿನ ಬುಡ. ಆರಂಭದ ಸುಮಾರು 0.14 ಸೆಕೆಂಡ್ ಕಣ್ಣು ಬಿಂದುವಿನಿಂದ ಅರ್ಧ ಡಿಗ್ರಿಯೂ ಆಚೆ ಹೋಗಿರುವುದಿಲ್ಲ, ವೇಗ ಸೆಕೆಂಡಿಗೆ 4 ಡಿಗ್ರಿಯನ್ನೂ ದಾಟಿರುವುದಿಲ್ಲ. ಇದೇ ಫೋವಿಯೇಷನ್ ಅವಧಿ, ಅಂದರೆ ನೋಡುವ ವಸ್ತುವಿನ ಬಿಂಬ ರೆಟಿನಾದ ಅತಿ ಚುರುಕಾದ ನಡುಭಾಗದ (ಫೋವಿಯಾ) ಮೇಲೆ ಹೆಚ್ಚುಕಡಿಮೆ ನಿಲ್ಲುವ ಹೊತ್ತು. ನಾನು ಓದಿದ ಪ್ರತಿ ಅಕ್ಷರವೂ ಹೆಚ್ಚಾಗಿ ಆ ಸಣ್ಣ ಬಿಡುವಿನಲ್ಲೇ ಓದಿದ್ದು.

ಕೆ ಅನ್ನು 5ಕ್ಕೆ ಇಳಿಸಿದರೆ ಆ ಬಿಡುವು ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ನಲ್ ಝೋನ್ ಎನ್ನುವ ಕಡೆ ಆಗುವುದೂ ಹೆಚ್ಚುಕಡಿಮೆ ಇದೇ: ನೋಟ ಒಂದು ನಿರ್ದಿಷ್ಟ ದಿಕ್ಕಿಗಿದ್ದಾಗ ಅಲುಗಾಟ ತಗ್ಗುತ್ತದೆ. ನನಗದು ಎಡಕ್ಕಿದೆ, ಹಾಗಾಗಿ ಮುಖ ಬಲಕ್ಕೆ ತಿರುಗಿಸಿ ಎಡಗಣ್ಣಂಚಿನತ್ತ ನೋಡುತ್ತೇನೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ನನ್ನ ಗಲ್ಲ ಹಿಡಿದು 'ನೆಟ್ಟಗೆ ನೋಡು' ಎಂದು ತಿರುಗಿಸುತ್ತಿದ್ದರು. ತಿರುಗಿಸಿದೊಡನೆ ಬೋರ್ಡಿನ ಅಕ್ಷರ ಮಾಯ. ಕೆಸ್ಟೆನ್‌ಬಾಮ್ ಮತ್ತು ಆಂಡರ್ಸನ್ 1953ರಲ್ಲಿ ಬೇರೆಬೇರೆಯಾಗಿ ಬರೆದ ಶಸ್ತ್ರಚಿಕಿತ್ಸೆಗಳ ಗುರಿಯೂ ಈ ನಲ್ ಝೋನನ್ನು ನಡುವಿಗೆ ತರುವುದೇ. ಕತ್ತರಿ ಹಿಡಿಯುವ ಮುಂಚೆ ಮಗುವನ್ನು ತರಗತಿಯ ಯಾವ ಬದಿಗೆ ಕೂರಿಸಬೇಕೆಂದು ಕೇಳಿದರೂ ಎಷ್ಟೋ ಉಪಕಾರ.

ನನ್ನ ಒಂಟಿ ಸಮೀಕರಣಕ್ಕೆ ಒಗ್ಗದ್ದು ಬಹಳವಿದೆ. ಸಂಶೋಧಕರಾದ ಡೆಲ್ ಓಸೋ ಮತ್ತು ಡಾರಾಫ್ 1975ರಲ್ಲೇ ಈ ಚಲನೆಯ ಗ್ರಾಫಿನಲ್ಲಿ ಹನ್ನೆರಡು ಬಗೆಯ ತರಂಗರೂಪಗಳನ್ನು ಗುರುತಿಸಿದ್ದರು. ಕೆಲವದರಲ್ಲಿ ನೆಗೆತವೇ ಇಲ್ಲ, ಬರೀ ಓಲಾಟ. ಇನ್ನೊಂದು, ಕಷ್ಟಪಟ್ಟು ನೋಡಲು ಹೋದಷ್ಟೂ ಅಲುಗಾಟ ಹೆಚ್ಚುತ್ತದೆ. ಸಂದರ್ಶನದಲ್ಲಿ, ಪರೀಕ್ಷೆಯಲ್ಲಿ ನಾವೆಲ್ಲ ಅನುಭವಿಸಿದ್ದು. ಕೆ ಏರಿಸಿದರೆ ಗ್ರಾಫಿನಲ್ಲಿ ಅದೂ ಬರುತ್ತದೆ, ಆದರೆ ಕೆ ಏಕೆ ಏರಿತು? ಅದಕ್ಕೆ ಉತ್ತರವಿಲ್ಲ.

ಅಲುಗಾಟದ ಕಾರಣವನ್ನು ಗಣಿತದಲ್ಲಿ ಹುಡುಕಿದವರು ಬೇರೆಯವರೂ ಇದ್ದಾರೆ. ಆಪ್ಟಿಕನ್ ಮತ್ತು ಝೀ 1984ರಲ್ಲಿ ಇಂಟಿಗ್ರೇಟರಿನ ಸುತ್ತಲಿನ ಫೀಡ್‌ಬ್ಯಾಕನ್ನೇ, ಅಂದರೆ ಅದಕ್ಕೇ ಹಿಂದಿರುಗುವ ಸಂಕೇತವನ್ನೇ, ದೂರಿದರು. ಬ್ರೂಮ್‌ಹೆಡ್ ಮತ್ತು ಸಂಗಡಿಗರು 2000ದಲ್ಲಿ ಸಕೇಡ್ ವ್ಯವಸ್ಥೆಯ ದೋಷದಿಂದಲೇ ಹಲವು ತರಂಗರೂಪಗಳನ್ನು ಹುಟ್ಟಿಸಿ ತೋರಿಸಿದರು. ಎರಡೂ ಸೊಗಸಾದ ಗಣಿತ. ನನ್ನ ಮನಸ್ಸು ವಾಲುವುದು ಮಾತ್ರ 2006ರ ಹ್ಯಾರಿಸ್ ಮತ್ತು ಬೆರಿಯವರ ವಾದದ ಕಡೆಗೆ. ಸೂಕ್ಷ್ಮ ವಿವರ ಕಾಣದ ಎಳೆಗಣ್ಣಿಗೆ ಬಿಂಬ ತುಸು ಚಲಿಸಿದರೆ ದೊಡ್ಡ ಆಕಾರಗಳು ಹೆಚ್ಚು ಸ್ಪಷ್ಟವಾಗುತ್ತವೆ. ಹಾಗಾಗಿ ಬೆಳೆಯುವ ಮೆದುಳು ಕಣ್ಣನ್ನು ಚಲಿಸಲು ಕಲಿಯುತ್ತದೆ, ಆಮೇಲೆ ದೃಷ್ಟಿ ಸುಧಾರಿಸಿದರೂ ಕಲಿತದ್ದು ಉಳಿದುಬಿಡುತ್ತದೆ ಎನ್ನುತ್ತಾರೆ ಅವರು. ಎಲ್ಲ ಮಕ್ಕಳಿಗೂ ಇದು ಹೊಂದೀತೆಂದು ನಾನು ನಂಬುವುದಿಲ್ಲ. ಎಫ್‌ಆರ್‌ಎಂಡಿ7 ಜೀನ್‌ನಿಂದ ನಿಸ್ಟ್ಯಾಗ್ಮಸ್ ಬಂದವರಲ್ಲಿ ಎಷ್ಟೋ ಜನಕ್ಕೆ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಈಗ ಎರಡನೆಯ ಚರಾಕ್ಷರ ಸೇರಿಸಿ ಓಲಾಟವನ್ನು ಬರಿಸಲು ನೋಡುತ್ತಿದ್ದೇನೆ. ಬಂದರೆ ಕೋಡ್ ಸಮೇತ ಇಲ್ಲೇ ಹಾಕುತ್ತೇನೆ.