ಅಟ್ಟದ ಕಿಟಕಿಯಲ್ಲಿ ಸಿಗ್ನಲ್

ಜುಲೈ 19, 2025, ಶನಿವಾರ

ಪುನರ್ವಸು ಮುಗಿದು ಪುಷ್ಯ ಹಿಡಿಯುವ ಹೊತ್ತು. ಮಳೆ ಕೈ ಬಿಟ್ಟಿಲ್ಲ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದ ಅಪ್ಪನ ಕಾಲಿಗೆ ಇನ್ನೂ ಪ್ಲಾಸ್ಟರ್ ಇದೆ. ಅಮ್ಮನಿಗೆ ಕೊಟ್ಟಿಗೆ, ಒಲೆ, ಅಪ್ಪ, ಮೂರೂ ಒಟ್ಟಿಗೆ ಆಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ಆಫೀಸಿನಲ್ಲಿ ಒಪ್ಪಿದ್ದಾರೆ. ಒಂದೇ ಷರತ್ತು, ಬೆಳಗಿನ ಮೀಟಿಂಗಿಗೆ ತಪ್ಪದೆ ಸಿಗಬೇಕು.

ಆ ಒಂದು ಷರತ್ತು ಎಷ್ಟು ದೊಡ್ಡದು ಅನ್ನೋದು ಶಿವಮೊಗ್ಗ ಜಿಲ್ಲೆಯ ಹೊಸನಗರ ದಾಟಿ ಒಳಗೆ ಬಂದವರಿಗೆ ಗೊತ್ತು.

ಜಗಲಿಯಲ್ಲಿ ಫೋನ್ ಹಿಡಿದರೆ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ನಡುಮನೆಯಲ್ಲಿ ಅದೂ ಇಲ್ಲ. ಅಡುಗೆಮನೆ ಕೇಳುವುದೇ ಬೇಡ. ಅಜ್ಜ ಕಟ್ಟಿಸಿದ ಗೋಡೆ, ಒಂದು ಮೊಳಕ್ಕಿಂತ ಜಾಸ್ತಿ ದಪ್ಪ. ಬೇಸಿಗೆಯಲ್ಲಿ ಫ್ಯಾನ್ ಬೇಡ ಅನ್ನಿಸುವಷ್ಟು ತಂಪು. ಅದೇ ಗೋಡೆ ಈಗ ಸಿಗ್ನಲ್‌ಗೂ ಬಾಗಿಲು ಹಾಕಿ ಕೂತಿದೆ. ಕೇಬಲ್‌ನವರು ಹಿಂದಿನ ವರ್ಷ ಫೈಬರ್ ಎಳೆದಿದ್ದರು. ಮೊದಲ ಗಾಳಿಗೇ ಮರ ಬಿದ್ದು ತುಂಡಾಯಿತು. ಮಳೆಗಾಲ ಮುಗಿಯುವವರೆಗೆ ಅದರ ಮಾತು ಎತ್ತುವ ಹಾಗಿಲ್ಲ. ಉಳಿದದ್ದು ಮೊಬೈಲ್ ಹಾಟ್‌ಸ್ಪಾಟ್ ಮಾತ್ರ.

ಜಾಗ ತೋರಿಸಿದ್ದು ಅಪ್ಪ. ಕುರ್ಚಿಯಲ್ಲಿ ಕಾಲು ಚಾಚಿ ಕೂತಲ್ಲಿಂದಲೇ, "ಅಟ್ಟದ ಮೂಡು ಕಿಟಕಿಗೆ ಹೋಗು. ಎಡಗಡೆ ದಾರಂದದಲ್ಲಿ ಮೊಳೆ ಇದೆ. ಅದಕ್ಕೆ ತೂಗು ಹಾಕು" ಅಂದರು. ಏಣಿ ಹತ್ತಿ ನೋಡಿದರೆ ನಿಜವಾಗಿಯೂ ಮೊಳೆ ಇದೆ. ಅದರಲ್ಲಿ ದಾರ ಕಟ್ಟಿದ ಹಳೆಯ ಸಕ್ಕರೆ ಕವರ್ ನೇತಾಡುತ್ತಿದೆ. ಫೋನ್ ಅದರೊಳಗೆ ಇಟ್ಟು ಸ್ಪೀಕರ್ ಹಾಕಿಕೊಂಡು ಅಪ್ಪ ಮಂಡಿಗೆ ಮಾತಾಡುತ್ತಿದ್ದರಂತೆ. ರಾಶಿ ಅಡಿಕೆಗೆ ಇವತ್ತು ಏನು ದರ, ಬೆಟ್ಟೆಗೆ ಏನು ದರ, ಎಲ್ಲ ಆ ಕವರಿನ ಮೂಲಕವೇ ಮನೆಗೆ ಬಂದಿದೆ. ದಾರದ ಗಂಟಿನ ಹತ್ತಿರ ಕವರ್ ಸವೆದು ಬೆಳ್ಳಗಾಗಿದೆ. ಕಾಲು ಸರಿ ಇದ್ದಾಗ ದಿನಾ ಹತ್ತಿ ಇಳಿಯುತ್ತಿದ್ದರು ಅಂತ ಅದನ್ನು ನೋಡಿದಾಗಲೇ ನನಗೆ ಗೊತ್ತಾಗಿದ್ದು. ಈ ವಯಸ್ಸಿನಲ್ಲಿ, ಆ ಏಣಿ.

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆಗೆದು ನೋಡಿದೆ. ಕಡ್ಡಿಗಳನ್ನು ನಾನು ನಂಬುವುದಿಲ್ಲ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಅಂಕಿ ಸುಳ್ಳು ಹೇಳುವುದಿಲ್ಲ. ಜಗಲಿಯಲ್ಲಿ ಮೈನಸ್ 118 ಡಿಬಿಎಂ (ಸಿಗ್ನಲ್ ಶಕ್ತಿ ಅಳೆಯುವ ಮಾನ). ಅಟ್ಟದ ಮೊಳೆಯಲ್ಲಿ ಮೈನಸ್ 104. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಹತ್ತು ಅಂಕಿ ಸುಧಾರಿಸಿತು ಅಂದರೆ ಸಿಗ್ನಲ್‌ನ ಶಕ್ತಿ ಹತ್ತು ಪಟ್ಟು ಹೆಚ್ಚಾಯಿತು ಅಂತ. ಇಲ್ಲಿ ಹದಿನಾಲ್ಕು, ಅಂದರೆ ಇಪ್ಪತ್ತೈದು ಪಟ್ಟು. ಇಷ್ಟೆಲ್ಲ ಲೆಕ್ಕ ಮಾಡಿ ಹುಡುಕಬೇಕಾಗಿದ್ದ ಜಾಗಕ್ಕೆ ಅಪ್ಪ ಮೊದಲೇ ಮೊಳೆ ಹೊಡೆದಿಟ್ಟಿದ್ದರು!

ಫೋನ್ ಅಟ್ಟದಲ್ಲಿ, ನಾನು ಕೆಳಗೆ ಜಗಲಿಯಲ್ಲಿ. ಹಾಟ್‌ಸ್ಪಾಟ್ ಮೊದಲು 5 ಗಿಗಾಹರ್ಟ್ಸ್‌ನಲ್ಲಿ ಇತ್ತು, ಅದು ಹಲಗೆ, ಗೋಡೆ ದಾಟಿ ಕೆಳಗೆ ಬರುವಷ್ಟರಲ್ಲಿ ಸತ್ತೇ ಹೋಗುತ್ತದೆ. 2.4ಕ್ಕೆ ಬದಲಾಯಿಸಿದ ಮೇಲೆ ಲ್ಯಾಪ್‌ಟಾಪ್ ಹಿಡಿಯಿತು. ವೇಗ ಕಡಿಮೆ, ಆದರೆ ಗೋಡೆ ದಾಟುವುದಕ್ಕೆ ಅದೇ ವಾಸಿ. ಟವರಿಂದ ಬರುವುದೇ ಸಣ್ಣ ತೊರೆಯಷ್ಟು, ಮನೆಯೊಳಗಿನ ವೇಗ ಕಟ್ಟಿಕೊಂಡು ಏನು ಮಾಡುವುದು. ಇನ್ನೊಂದು ಮಾತು, ಯಾರಿಗಾದರೂ ಉಪಯೋಗ ಆದೀತು: ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನಾಗೇ ಆಫ್ ಆಗುವ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಮೊದಲು ತೆಗೆಯಿರಿ. ಇಲ್ಲದಿದ್ದರೆ ಊಟ ಮಾಡಿ ಬಂದಾಗಲೆಲ್ಲ ಏಣಿ ಹತ್ತಬೇಕು. ಲ್ಯಾಪ್‌ಟಾಪಿನಲ್ಲಿ ಆ ವೈಫೈಯನ್ನು ಮೀಟರ್ಡ್, ಅಂದರೆ ಅಳೆದು ಬಳಸುವ ಡೇಟಾ, ಅಂತ ಗುರುತು ಹಾಕಿ. ವಿಂಡೋಸ್ ಅಪ್‌ಡೇಟ್ ಸುಮ್ನೆ ಹಿಂದಿನಿಂದ ಡೇಟಾ ತಿನ್ನುವುದು ಬಹುಮಟ್ಟಿಗೆ ನಿಲ್ಲುತ್ತದೆ. ನನ್ನ ಪ್ಯಾಕಿನಲ್ಲಿ ದಿನಕ್ಕೆ 2 ಜಿಬಿ. ಅದು ಮುಗಿದ ಮೇಲೆ 64 ಕೆಬಿಪಿಎಸ್. ಅದರಲ್ಲಿ ಮೇಲ್ ಕೂಡ ತೆರೆಯುವುದಿಲ್ಲ ಅಂದರೂ ತಪ್ಪಿಲ್ಲ.

ಮೀಟಿಂಗಿನಲ್ಲಿ ಅವರ ಮಾತು ನನಗೆ ಚೆನ್ನಾಗಿ ಕೇಳಿಸುತ್ತದೆ. ನನ್ನ ಮಾತು ಅವರಿಗೆ ತುಂಡು ತುಂಡು. "ನಿಮ್ಮ ದನಿ ಒಡೀತಿದೆ" ಅನ್ನುತ್ತಾರೆ ಪಾಪ. ಇದಕ್ಕೆ ಕಾರಣ ಇದೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಬಿತ್ತರಿಸುತ್ತದೆ. ಫೋನಿಗೆ ಸಾಮಾನ್ಯವಾಗಿ ಇರುವುದು ಹೆಚ್ಚೆಂದರೆ 0.2 ವ್ಯಾಟ್. ಕಡ್ಡಿ ತೋರಿಸುವುದು ಟವರ್ ನಮಗೆ ಎಷ್ಟು ಕೇಳಿಸುತ್ತಿದೆ ಅನ್ನುವುದನ್ನು. ನಾವು ಟವರಿಗೆ ಎಷ್ಟು ಕೇಳಿಸುತ್ತಿದ್ದೇವೆ ಅನ್ನುವುದನ್ನು ಅಲ್ಲ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಆಚೆ ದಿಬ್ಬದ ದೇವಸ್ಥಾನದಲ್ಲಿ ಮೈಕ್ ಹಾಕಿದ್ರೆ ಇಲ್ಲಿಗೆ ಕೇಳತ್ತೆ. ನಾವು ಇಲ್ಲಿಂದ ಕೂಗಿದ್ರೆ ಭಟ್ಟರಿಗೆ ಕೇಳತ್ತಾ?" ಅಂದರು. ಅಷ್ಟೇ ವಿಷಯ. ಹಾಗಾಗಿ ವಿಡಿಯೊ ಆಫ್ ಮಾಡಿ ಬರೀ ದನಿಯಲ್ಲಿ ಮಾತಾಡುತ್ತೇನೆ. ಈಗ ನಡೆಯುತ್ತಿದೆ.

ಮಳೆಯಿಂದ ನೆಟ್ ಹೋಗುತ್ತದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಫೋನಿಗೂ ಟವರಿಗೂ ನಡುವಿನ ಸಿಗ್ನಲ್‌ಗೆ ಮಳೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಅದರ ಹಿಂದೆ. ಕರೆಂಟು ಹೋದ ಮೇಲೆ ಟವರ್ ನಡೆಯುವುದು ಬ್ಯಾಟರಿಯಲ್ಲಿ. ಬ್ಯಾಟರಿ ಮುಗಿದು ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಟವರೇ ಮಲಗುತ್ತದೆ. ಇನ್ನು ಒಂದು ಟವರಿನಿಂದ ಇನ್ನೊಂದಕ್ಕೆ ಮೈಕ್ರೋವೇವ್ ಡಿಶ್‌ನಲ್ಲಿ ಸಂಪರ್ಕ ಇರುವ ಕಡೆ, ಆ ತರಂಗಗಳ ಆವರ್ತನ ಜಾಸ್ತಿ. ಜಡಿಮಳೆ ಅದನ್ನು ಹೀರಿಕೊಳ್ಳುತ್ತದೆ. ಆಗ ಫೋನಿನಲ್ಲಿ ಕಡ್ಡಿ ತುಂಬಾ ಇರುತ್ತದೆ, ನೆಟ್ ಮಾತ್ರ ಅಲ್ಲಾಡುವುದಿಲ್ಲ. ಮೊನ್ನೆ ಗಾಳಿ ಬೀಸಿದ ರಾತ್ರಿ ಕರೆಂಟು ಹೋಯಿತು. ಬೆಳಗಾಗುವಷ್ಟರಲ್ಲಿ ಅಟ್ಟದ ಮೊಳೆಯಲ್ಲೂ ಏನೂ ಇಲ್ಲ. ಎರಡು ಕಂಪನಿಯ ಸಿಮ್ ಇದೆ ನನ್ನ ಹತ್ತಿರ, ಎರಡೂ ಒಟ್ಟಿಗೇ ಸತ್ತವು. ಇಬ್ಬರ ಆಂಟೆನಾ ಇರುವುದೂ ಒಂದೇ ಟವರಿನ ಮೇಲೆ. ಆ ಬೆಳಿಗ್ಗೆ ಚಿಕ್ಕಪ್ಪನ ಬೈಕಿನಲ್ಲಿ ಮೇಲಿನ ರಸ್ತೆಯ ತಿರುವಿಗೆ ಹೋಗಿ, ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮುಗಿಸಿದೆ. ಅಲ್ಲಿ ಬೇರೆ ಕಡೆಯ ಟವರ್ ಸಿಗುತ್ತದೆ.

ಆ ಬೆಂಚಿನಲ್ಲೇ ಪುಟ್ಟಿ ಸಿಕ್ಕಿದ್ದು. ಕೆಳಗಿನ ಮನೆಯ ಪುಟ್ಟಿ. ಈಗ ಪಿಯುಸಿ ಮುಗಿಸಿ ನನ್ನಷ್ಟೇ ಎತ್ತರ ಆಗಿದ್ದಾಳೆ. ಡಿಗ್ರಿ ಅಡ್ಮಿಷನ್‌ನ ಆನ್‌ಲೈನ್ ಅರ್ಜಿ ತುಂಬಬೇಕಿತ್ತು. ಸಂಜೆ ನಮ್ಮನೆಗೆ ಬಾ, ಲ್ಯಾಪ್‌ಟಾಪಿನಲ್ಲಿ ಮಾಡೋಣ ಅಂದೆ. ಕರೆಂಟು ಬಂದು ಟವರ್ ಎದ್ದ ಮೇಲೆ ಬಂದಳು. ಹೆಸರು, ಮಾರ್ಕ್ಸು, ಫೋಟೊ, ಎಲ್ಲ ಆಯಿತು. ಆಮೇಲೆ ಆಧಾರ್ ಒಟಿಪಿ. ಅದು ಹೋಗುವುದು ಅವಳ ಅಪ್ಪನ ಫೋನಿಗೆ. ಆ ಫೋನು ಅವಳ ಹತ್ತಿರವೇ ಇತ್ತು, ಆದರೆ ಅದರ ಸಿಮ್ ಬೇರೆ ಕಂಪನಿಯದು. ನಮ್ಮ ಅಟ್ಟದಲ್ಲಿ ಅದಕ್ಕೆ ಸಿಗ್ನಲ್ ಇಲ್ಲ. ಅದಕ್ಕೆ ಸಿಗ್ನಲ್ ಇರುವುದು ತೋಟದ ಆಚೆ, ಹಲಸಿನ ಮರದ ಬುಡದಲ್ಲಿ.

ಹುಡುಗಿ ಕೊಪ್ಪೆ ಹಾಕಿಕೊಂಡು ಓಡಿದಳು. ಉಂಬಳ ಹತ್ತುವ ದಾರಿ, ಕಾಲಲ್ಲಿ ಬರೀ ಹವಾಯಿ ಚಪ್ಪಲಿ. ನಾನು ಜಗಲಿಯಿಂದ "ಕಳಿಸ್ದೆ!" ಅಂತ ಕೂಗುವುದು, ಅವಳು ಮರದ ಬುಡದಿಂದ ಅಂಕಿ ಕೂಗುವುದು. ಮಳೆಯ ಸದ್ದಿನಲ್ಲಿ ಆರೋ ಮೂರೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊತ್ತು ಮೀರಿತು. ಮತ್ತೆ ಕಳಿಸಿದೆ. ಈ ಸಲ ಅಮ್ಮ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು ಅವಳು ಹೇಳಿದ್ದನ್ನು ನನಗೆ ದಾಟಿಸಿದರು. ಒಂದೊಂದೇ ಅಂಕಿ, ಜೋರಾಗಿ, ನಿಧಾನವಾಗಿ. ಅರ್ಜಿ ಹೋಯಿತು. ಪುಟ್ಟಿ ಬಂದು ಜಗಲಿ ಕಟ್ಟೆಯಲ್ಲಿ ಕೂತು ಹಿಮ್ಮಡಿಯಿಂದ ಉಂಬಳ ಕಿತ್ತು ಸುಣ್ಣದ ಡಬ್ಬಿಗೆ ಹಾಕಿದಳು. ಒಂದು ಮಾತೂ ಬೇಜಾರಿನದ್ದಿಲ್ಲ. "ಕೊರೋನಾ ಟೈಮಲ್ಲಿ ಗುಡ್ಡದ ಮೇಲೆ ಕೊಡೆ ಹಿಡ್ಕೊಂಡು ಕ್ಲಾಸ್ ಕೇಳಿದ್ದೀವಲ್ಲ, ಇದೇನು ಮಹಾ" ಅಂದಳು.

ನನಗೆ ಮಾತ್ರ ಹೊಟ್ಟೆಯೊಳಗೆ ಉರಿ ಎದ್ದಿತು. ಅವಳು ಅದನ್ನು ಸಹಜ ಅಂದುಕೊಂಡಿದ್ದಕ್ಕೇ ಉರಿ. 2021ರಲ್ಲಿ ನಮ್ಮ ಕಡೆಯ ಊರುಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಅಭಿಯಾನ ನಡೆಯಿತು, ನೆನಪಿದೆ ಅಲ್ವಾ? ಅದಾಗಿ ಮರುವರ್ಷ, 2022ರ ಜುಲೈಯಲ್ಲಿ, ಕೇಂದ್ರ ಸಂಪುಟ 4ಜಿ ಇಲ್ಲದ 24,680 ಹಳ್ಳಿಗಳಿಗೆ ಸಂಪರ್ಕ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಟವರ್‌ಗಳು ಏಳುತ್ತಿವೆ, ಇಲ್ಲ ಅನ್ನುವುದಿಲ್ಲ. ಆದರೆ ಟವರ್ ನಿಲ್ಲಿಸಿದರೆ ಆಗಲಿಲ್ಲ. ಮಳೆಗಾಲದ ರಾತ್ರಿ ಅದು ಎದ್ದಿರಬೇಕು. ಬೆಂಗಳೂರಿನಲ್ಲಿ ಕೂತು ನಾವು ಎಲ್ಲವನ್ನೂ ಆನ್‌ಲೈನ್ ಮಾಡುತ್ತಾ ಹೋಗುತ್ತೇವೆ. ಅರ್ಜಿ, ಪಹಣಿ, ಪಿಂಚಣಿ, ಗ್ಯಾಸ್, ಎಲ್ಲಕ್ಕೂ ಒಟಿಪಿ. ಒಟಿಪಿ ಪುಟವನ್ನು ಮಾಡುವವರಲ್ಲಿ ನಾನೂ ಇದ್ದೇನೆ, ನನ್ನ ಕೆಲಸವೇ ಅದು. ಆ ಪುಟದಲ್ಲಿ ಹೊತ್ತಿನ ಮಿತಿ ಇಡುವಾಗ ಹಲಸಿನ ಮರದವರೆಗೆ ಓಡುವ ಹೊತ್ತನ್ನೂ ಸೇರಿಸಬೇಕು ಅಂತ ಸೋಮವಾರದ ಮೀಟಿಂಗಿನಲ್ಲಿ ಹೇಳುತ್ತೇನೆ. ದನಿ ಒಡೆದರೂ ಹೇಳುತ್ತೇನೆ.

ಅಂದ ಹಾಗೆ ಅಮ್ಮ ಇವತ್ತು ಕಳಲೆ ಪಲ್ಯ ಮಾಡಿದ್ದರು. ಮೂರು ದಿನ ನೀರು ಬದಲಾಯಿಸಿ ನೆನೆಸಿದ್ದು. ಜೊತೆಗೆ ಹಲಸಿನ ಹಪ್ಪಳ. ಮಳೆಗಾಲಕ್ಕೆ ಊರಲ್ಲಿ ಇದ್ದು ಎಷ್ಟು ವರ್ಷ ಆಗಿತ್ತೋ.

ಊಟ ಆದ ಮೇಲೆ ಅಪ್ಪ ತೋಟದ ಮಾತು ತೆಗೆದರು. ಎರಡನೇ ಸಲ ಔಷಧಿ ಹೊಡೆಸುವ ಹೊತ್ತು ಬಂದಿದೆ. ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟಿದೆ. ಒಂದೆರಡು ದಿನ ಮಳೆ ಬಿಟ್ಟು ಹೊಳವಾದರೆ ಸಾಕು, ಇಲ್ಲದಿದ್ದರೆ ಅಡಿಕೆಗೆ ಕೊಳೆರೋಗ ಶುರುವಾಗುತ್ತದೆ. ಆದರೆ ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಹಿಡಿಯಬೇಕಲ್ಲ, ಎಲ್ಲರ ತೋಟದಿಂದಲೂ ಅವತ್ತೇ ಕರೆ. ಅವನಿಗೆ ಫೋನ್ ಸಿಕ್ಕವರಿಗೆ ಅವನು ಸಿಗುತ್ತಾನೆ. ನಾನು ಅಟ್ಟಕ್ಕೆ ಹತ್ತಿ ಅವನಿಗೆ ಮೆಸೇಜ್ ಹಾಕಿ ಇಳಿದೆ. ಒಂದೇ ಟಿಕ್.

"ಸ್ಟಾರ್‌ಲಿಂಕ್ ಅಂತ ಬರತ್ತಂತಲ್ಲ, ಆಕಾಶದಿಂದ" ಅಂದರು ಅಪ್ಪ. ಪೇಪರ್ ಪೂರ್ತಿ ಓದುತ್ತಾರೆ. ಹೌದು, ಈ ತಿಂಗಳಷ್ಟೇ ಖಾಸಗಿ ಬಾಹ್ಯಾಕಾಶ ಸೇವೆಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿ ಸಿಕ್ಕಿದೆ, ಸೇವೆ ಇನ್ನೂ ಶುರುವಾಗಿಲ್ಲ ಅಂದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಓಡುತ್ತಾ ಇರುತ್ತವೆ, ಡಿಶ್‌ಗೆ ಆಕಾಶ ಅಗಲವಾಗಿ ಕಾಣಬೇಕು, ಮರ ಅಡ್ಡ ಬಂದರೆ ಸಂಪರ್ಕ ಕಡಿಯುತ್ತದೆ ಅಂತಲೂ ಹೇಳಿದೆ. ಅಪ್ಪ ಅಂಗಳದಿಂದಾಚೆ ನೋಡಿದರು. ಅಡಿಕೆ, ಹಲಸು, ಅದರ ಹಿಂದೆ ಗುಡ್ಡ, ಗುಡ್ಡದ ಮೇಲೆ ಕಾಡು.

"ಮರ ಕಡಿಯೋದು ಬೇಡ" ಅಂದರು.

ಸ್ವಲ್ಪ ಹೊತ್ತು ಬಿಟ್ಟು, ಪ್ಲಾಸ್ಟರ್ ಮೇಲೆ ಕೈ ಆಡಿಸುತ್ತಾ, ನನ್ನ ಮುಖ ನೋಡದೆ ಕೇಳಿದರು: "ನೆಟ್ ಸರಿಯಾಗಿ ಸಿಕ್ಕಿದ್ರೆ ನೀನು ಇಲ್ಲೇ ಇರ್ತೀಯಾ?"

ನಾನು "ಇರ್ತೀನಿ" ಅಂದೆ. ತಕ್ಷಣ ಅಂದೆ. ಅಂದಿದ್ದು ನಿಜವೇ. ಆದರೆ ಅಪ್ಪ ಇಷ್ಟು ದಿನ ನನ್ನ ಬೆಂಗಳೂರಿಗೆ ನೆಟ್ ಒಂದೇ ಕಾರಣ ಅಂದುಕೊಂಡು ಇದ್ದರಾ? ಅಥವಾ ಹಾಗೆ ಅಂದುಕೊಂಡರೆ ಅವರಿಗೆ ಸಮಾಧಾನವಾ? ಮಗು ಬರಲಿಲ್ಲ ಅನ್ನುವುದಕ್ಕಿಂತ ಟವರ್ ಬರಲಿಲ್ಲ ಅನ್ನುವುದು ಸುಲಭ. ಹಾಗೆ ನೋಡಿದರೆ ನಾನೂ ಎಷ್ಟೋ ವರ್ಷ ಅಮ್ಮನಿಗೆ ಫೋನಿನಲ್ಲಿ ಇದನ್ನೇ ಹೇಳಿದ್ದೇನೆ, "ಅಲ್ಲಿ ನೆಟ್ ಇಲ್ಲವಲ್ಲ ಅಮ್ಮಾ". ಅದು ಸುಳ್ಳಲ್ಲ. ಪೂರ್ತಿ ಉತ್ತರವೂ ಅಲ್ಲ. ಈಗ ನೋಡಿದರೆ ಆ ಒಂದು ಬೆಳಿಗ್ಗೆ ಬಿಟ್ಟು ಅಟ್ಟದ ಮೊಳೆಯಿಂದ ವಾರ ಪೂರ್ತಿ ಕೆಲಸ ನಡೆದಿದೆ. ಇನ್ವರ್ಟರಿಗೆ ಒಂದು ದೊಡ್ಡ ಬ್ಯಾಟರಿ, ಗೋಡೆಯ ಹೊರಗೆ ಆಂಟೆನಾ ಹಾಕುವಂಥ ಒಂದು 4ಜಿ ರೌಟರ್, ತಿರುವಿನ ಟವರ್ ಕಡೆ ತಿರುಗಿಸಿ ಒಂದು ಕಂಬ. ಒಂದು ತಿಂಗಳ ಬೆಂಗಳೂರಿನ ಬಾಡಿಗೆಯಲ್ಲಿ ಇಷ್ಟೂ ಆಗುತ್ತದೆ. ಹಾಗಾದರೆ ಇನ್ನು ಏನು ಕಾರಣ ಹೇಳುತ್ತೇನೆ?

ದೀಪಾವಳಿವರೆಗೆ ಇಲ್ಲೇ ಇರಲಾ ಅಂತ ಆಫೀಸಿಗೆ ಒಂದು ಮೇಲ್ ಬರೆದಿಟ್ಟಿದ್ದೇನೆ. ಡ್ರಾಫ್ಟ್‌ನಲ್ಲಿದೆ. ಕಳಿಸುವ ಮೊದಲು ಅಮ್ಮನ ಹತ್ತಿರ ಕೂತು ಮಾತಾಡಬೇಕು. ಅವರು ಏನೂ ಕೇಳುವುದಿಲ್ಲ, ಅದೇ ಕಷ್ಟ. ಮತ್ತೆ ಪಂಚಾಯ್ತಿಗೆ ಹೋಗಿ ಟವರಿನ ಡೀಸೆಲ್ ವಿಷಯ ವಿಚಾರಿಸಬೇಕು, ಪುಟ್ಟಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅವಳೇ ಬಾಯಿಬಿಟ್ಟು ಹೇಳಲಿ. ಮೇಲಿಂದ ಟಿಂಗ್ ಅಂತ ಸದ್ದು ಬಂತು, ಕೊನೆಗೌಡ ಉತ್ತರ ಹಾಕಿರಬೇಕು, ನೋಡಿ ಬರುತ್ತೇನೆ