ಕರ್ದಕಾಟಾ ಕವಲಿನಿಂದ ಕೆಂಪು ಮನೆಯವರೆಗೆ

ಗ್ರೀಸಿನ ಕೆಫಲೋನಿಯಾ ದ್ವೀಪಕ್ಕೆ ಬರುವವರು ಸಾಮಾನ್ಯವಾಗಿ ಮಿರ್ತೋಸ್ ಕಡಲತೀರ, ಮೆಲಿಸ್ಸಾನಿ ಗುಹೆ ನೋಡಿ ಹಿಂದಿರುಗುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ 33ನೇ ಪದಾತಿ ಡಿವಿಷನ್ 'ಆಕ್ವಿ' 1943ರ ಸೆಪ್ಟೆಂಬರಿನಲ್ಲಿ, ಅದುವರೆಗೆ ಜೊತೆಗಾರರಾಗಿದ್ದ ಜರ್ಮನರ ಕೈಯಲ್ಲಿ ನಾಶವಾದದ್ದು ಇಲ್ಲೇ. ಅದರ ಜಾಡು ಹಿಡಿಯಲು ಒಂದು ದಿನ ಸಾಕು. ಆದರೆ ದ್ವೀಪದ ಮುಖ್ಯ ಪಟ್ಟಣ ಅರ್ಗೋಸ್ತೋಲಿಯ ಸ್ಮಾರಕದಿಂದಲೇ ಶುರು ಮಾಡಿದರೆ ಸಾವು ಕಾಣುತ್ತದೆ, ಸೋಲು ಅರ್ಥವಾಗುವುದಿಲ್ಲ. ಮೊದಲು ಗುಡ್ಡದ ಮೇಲಿನ ಕರ್ದಕಾಟಾ ಹಳ್ಳಿಗೆ ಹತ್ತಬೇಕು.

ಅಥೆನ್ಸಿನಿಂದ ಬರುವುದಾದರೆ ಕಿಲ್ಲೀನಿ ಬಂದರಿನವರೆಗೆ ಬಸ್ಸು, ಅಲ್ಲಿಂದ ದ್ವೀಪದ ಪೋರೋಸ್ ಬಂದರಿಗೆ ಸುಮಾರು ಒಂದೂವರೆ ಗಂಟೆಯ ಫೆರ್ರಿ. ದ್ವೀಪದೊಳಗೆ ಬಸ್ಸು ನಂಬಿದರೆ ದಿನ ಹಾಳು. ಬಾಡಿಗೆ ಕಾರೇ ಗತಿ. ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕೇ ಬೇಕು. ಅದನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೊರಡಬೇಕು.

ಅರ್ಗೋಸ್ತೋಲಿ, ಲಿಕ್ಸೂರಿ ಮತ್ತು ಉತ್ತರದ ಕಡೆಯಿಂದ ಬರುವ ರಸ್ತೆಗಳು ಕೂಡುವುದು ಕರ್ದಕಾಟಾದಲ್ಲಿ. ಈ ಎತ್ತರ ಯಾರ ಕೈಲಿದೆಯೋ ದ್ವೀಪದ ಬೀಗದ ಕೈ ಅವರದ್ದು. ಸೆಪ್ಟೆಂಬರ್ 8ರಂದು ಬ್ರಿಟನ್-ಅಮೆರಿಕ ಕಡೆಯೊಡನೆ ಇಟಲಿಯ ಕದನವಿರಾಮ ಘೋಷಣೆಯಾದಾಗ ಇಲ್ಲಿ ಇಟಲಿಯವರು ಸುಮಾರು 11,500, ಜರ್ಮನರು ಎರಡು ಸಾವಿರದ ಆಸುಪಾಸು. ಜರ್ಮನರೊಡನೆ ಮಾತುಕತೆ ನಡೆಸುತ್ತಿದ್ದ ಡಿವಿಷನ್ನಿನ ಮುಖ್ಯಸ್ಥ ಜನರಲ್ ಅಂತೋನಿಯೋ ಗಾಂದಿನ್, ಸದ್ಭಾವನೆ ತೋರಿಸಲೆಂದು ಕರ್ದಕಾಟಾದಿಂದ ತುಕಡಿಯನ್ನು ಹಿಂತೆಗೆದುಕೊಂಡರು. ಕವಲಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಆ ತಪ್ಪು ನಕ್ಷೆಯಿಲ್ಲದೆಯೂ ಕಾಣುತ್ತದೆ. ಕೆಳಗಿನ ಅಗಿಯಾ ಕಿರಿಯಾಕಿ ಕೊಲ್ಲಿಯಲ್ಲಿ ಜರ್ಮನ್ ಬಲ ಬಂದಿಳಿಯಿತು. ಮತ್ತೆ ಏರಿ ಈ ಗುಡ್ಡ ಹಿಡಿಯಲು ನೋಡಿದ ಇಟಲಿಯವರಿಗೆ ಮೇಲಿಂದ ಜರ್ಮನರ ಸ್ಟೂಕಾ ವಿಮಾನಗಳ ಬಾಂಬು, ತಮ್ಮ ಕಡೆಗೆ ಒಂದೂ ವಿಮಾನವಿಲ್ಲ. 15ರಂದು ಶುರುವಾದ ಕಾಳಗ 22ಕ್ಕೆ ಮುಗಿಯಿತು. ಹೋರಾಡುವುದೋ, ಶಸ್ತ್ರ ಒಪ್ಪಿಸುವುದೋ ಎಂದು ಅದಕ್ಕೆ ಮುಂಚೆ ಸೈನಿಕರ ಅಭಿಪ್ರಾಯವನ್ನೇ ಕೇಳಿದ್ದರು. ಬಹುಮತ ಹೋರಾಟದ ಕಡೆಗಿತ್ತು. ಸೈನ್ಯದಲ್ಲಿ ಇಂಥದ್ದು ಅಪರೂಪ.

ಅರ್ಗೋಸ್ತೋಲಿಗೆ ಮರಳುವ ಮುನ್ನ ಒಳನಾಡಿನ ತ್ರೋಯನಾಟಾ ಹಳ್ಳಿ ತಪ್ಪಿಸಬಾರದು. ಸೆರೆಸಿಕ್ಕ ನೂರಾರು ಜನರನ್ನು ಕೊಂದದ್ದು ಇಲ್ಲಿ. ಸೆರೆಯಾಳುಗಳನ್ನು ಉಳಿಸಬಾರದೆಂಬುದು ಹಿಟ್ಲರನ ಆಜ್ಞೆಯಾಗಿತ್ತು.

ಸಂಜೆಗೆ ಸಂತ ಥಿಯೋಡೋರಿ ದೀಪಸ್ತಂಭದ ಭೂಶಿರ. ಅರ್ಗೋಸ್ತೋಲಿಯಿಂದ ಸುಮಾರು 3 ಕಿ.ಮೀ., ನಡೆದೇ ಹೋಗಬಹುದು. ಗಾಂದಿನ್ ಮತ್ತು ಇತರ ಅಧಿಕಾರಿಗಳನ್ನು ಇಲ್ಲಿನ 'ಕೆಂಪು ಮನೆ' ಬಳಿ ಗುಂಡಿಕ್ಕಿದ್ದು ಸೆಪ್ಟೆಂಬರ್ 24ರಂದು. ಸ್ಮಾರಕ ಕಡಲಂಚಿನಲ್ಲಿಲ್ಲ, ಗುಡ್ಡದ ಕಡೆಗೆ ಇದೆ; ಕಡಲನ್ನೇ ನೋಡುತ್ತಾ ನಡೆದರೆ ತಿರುವು ತಪ್ಪುತ್ತದೆ. ಈಗಿನ ದೀಪಸ್ತಂಭಕ್ಕೂ ಆ ದಿನಗಳಿಗೂ ನಂಟಿಲ್ಲ. ಹಳೆಯದು 1953ರ ಭೂಕಂಪದಲ್ಲಿ ಬಿತ್ತು, ಇದು ಪುನರ್ನಿರ್ಮಾಣ. ಅದೇ ಭೂಕಂಪ ಊರಿನ ಹಳೆಯ ಕಟ್ಟಡಗಳನ್ನೂ ನುಂಗಿದ್ದರಿಂದ ಹಳೇ ಫೋಟೋ ಹಿಡಿದು ಬೀದಿ ಹುಡುಕಿ ಪ್ರಯೋಜನವಿಲ್ಲ.

ಊರೊಳಗೆ ಡಿವಿಷನ್ನಿನ ಪುಟ್ಟ ಸಂಗ್ರಹಾಲಯವಿದೆ, ಕ್ಯಾಥೊಲಿಕ್ ಚರ್ಚಿನ ಪಕ್ಕದಲ್ಲಿ. ಸತ್ತವರ ಸಂಖ್ಯೆ ಓದುವಾಗ ಮಾತ್ರ ಎಚ್ಚರ. ಕಾಳಗದಲ್ಲಿ ಬಿದ್ದವರು, ಶರಣಾದ ಮೇಲೆ ಕೊಲ್ಲಲ್ಪಟ್ಟವರು, ಸೆರೆಯಾಳುಗಳ ಹಡಗುಗಳಲ್ಲಿ ಮುಳುಗಿದವರು, ಈ ಮೂರೂ ಲೆಕ್ಕ ಒಟ್ಟಾದರೆ ದೊಡ್ಡ ಅಂಕಿ ಬರುತ್ತದೆ. ಉದಾಹರಣೆಗೆ ಸೆರೆಯಾಳುಗಳಿದ್ದ ಅರ್ದೇನಾ ಹಡಗು ಸೆಪ್ಟೆಂಬರ್ 28ರಂದು ಕಡಲಗಣಿಗೆ ತಗುಲಿ ಮುಳುಗಿತು. ಬರೀ ಗುಂಡಿಕ್ಕಿ ಕೊಂದವರ ಲೆಕ್ಕದಲ್ಲೂ ಹಳೆಯ ಫಲಕಗಳ ಐದು ಸಾವಿರವನ್ನು ಈಚಿನ ಸಂಶೋಧಕರು ಬಹಳ ತಗ್ಗಿಸಿದ್ದಾರೆ.

ಸಮಾಧಿಗಳನ್ನು ಇಲ್ಲಿ ಹುಡುಕಬೇಡಿ. ಸಿಕ್ಕ ಅಸ್ಥಿಗಳನ್ನು 1950ರ ದಶಕದಲ್ಲಿ ಇಟಲಿಯ ಬಾರಿ ನಗರಕ್ಕೆ ಸಾಗಿಸಲಾಯಿತು.