ಕಲಬುರಗಿ ಬಿಸಿಲು, ಫ್ರಿಜ್ಜು ಮತ್ತು ತೂಕ ಇಳಿಸೋ ಇಂಜೆಕ್ಷನ್

ವಾರಕ್ಕೊಮ್ಮೆ ಚುಚ್ಚೋ ತೂಕ ಇಳಿಸೋ ಔಷಧಿ ಟಿರ್ಜೆಪಟೈಡ್ ಇರಲಿ, ಸೆಮಾಗ್ಲುಟೈಡ್ ಇರಲಿ, ಇಡಬೇಕಾದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಮೌಂಜಾರೊ (ಟಿರ್ಜೆಪಟೈಡಿನ ಬ್ರ್ಯಾಂಡ್ ಹೆಸರು) ವಯಲ್, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆ, ಫ್ರಿಜ್ ಹೊರಗೂ 21 ದಿನ ಇರ್ತದೆ ಅಂತ ಅಂಗಡಿಯವರು ಹೇಳೋದು ಸುಳ್ಳಲ್ಲ. ಆದರೆ ಪೊಟ್ಟಣದೊಳಗಿನ ಮಾಹಿತಿ ಚೀಟಿಯ ಅದೇ ಸಾಲಲ್ಲಿ ‘30 ಡಿಗ್ರಿ ಮೀರಬಾರದು’ ಅಂತಲೂ ಇದೆ. ಶಹಾಬಾದ್ ಫರಸಿ ಹಾಸಿದ ಮನೆಯೂ ಮೇ ತಿಂಗಳ ಮಧ್ಯಾಹ್ನ ಅಷ್ಟು ತಂಪಾಗಿರೋದಿಲ್ಲ. ಬೇಸಿಗೆಯಲ್ಲಿ ಆ 21 ದಿನ ನಮ್ಮ ಲೆಕ್ಕಕ್ಕಿಲ್ಲ ಅಂತಲೇ ತಿಳಿಯಿರಿ. ಸ್ಕೂಟರ್ ಡಿಕ್ಕಿಯಂತೂ ಒಲೆಯೇ.

ಹಾಗಂತ ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರ್ ಕೆಳಗಿನ ಟ್ರೇಗೆ ತುರುಕಬೇಡಿ, ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಔಷಧಿ ಕರಗಿ ತಿಳಿನೀರಿನಂತೆ ಕಂಡರೂ ಬಿಸಾಡಬೇಕು. ಮಧ್ಯದ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗದಂತೆ, ರಟ್ಟಿನ ಪೊಟ್ಟಣದಲ್ಲೇ ಇಡಿ. ತರುವಾಗಲೂ ಐಸ್ ಪ್ಯಾಕ್ ನೇರ ತಾಗಬಾರದು. ನಡುವೆ ಟವೆಲ್ ಇರಲಿ.

ಹೆಚ್ಚು ಜನ ಎಡವೋದು ಸಿರಿಂಜಿನಲ್ಲಿ. ‘ಇನ್ಸುಲಿನ್ ಸಿರಿಂಜ್ ಕೊಡಿ’ ಅಂದರೆ ಕೆಂಪು ಮುಚ್ಚಳದ ಯು-40 ಕೈಗೆ ಬರಬಹುದು, ಕಿತ್ತಳೆ ಮುಚ್ಚಳದ ಯು-100 ಕೂಡ ಬರಬಹುದು. ಒಂದು ಎಂಎಲ್ ಅಂದರೆ ಮೊದಲನೆಯದರಲ್ಲಿ 40 ಯೂನಿಟ್, ಎರಡನೆಯದರಲ್ಲಿ 100 ಯೂನಿಟ್. ಮೌಂಜಾರೊ ವಯಲಿನ ಒಂದು ಡೋಸ್ 0.5 ಎಂಎಲ್. ಅದು ಯು-40ರಲ್ಲಿ 20ರ ಗೆರೆ, ಯು-100ರಲ್ಲಿ 50ರ ಗೆರೆ. ಯು-100 ಹಿಡಿದು ‘ಇಪ್ಪತ್ತಕ್ಕೆ ಎಳಿ’ ಅನ್ನೋ ಮಾತು ಕೇಳಿದರೆ ಒಳಗೆ ಹೋಗೋದು 0.2 ಎಂಎಲ್ ಮಾತ್ರ. ಡಾಕ್ಟರ ಹತ್ತಿರ ಡೋಸನ್ನು ಎಂಎಲ್‌ನಲ್ಲೇ ಬರೆಸಿಕೊಳ್ಳಿ. 5 ಎಂಜಿ ವಯಲ್ ತಂದು ಎರಡು ವಾರಕ್ಕೆ ಹಂಚೋ ಉಳಿತಾಯವೂ ಬೇಡ: ಒಂದೇ ಡೋಸಿನ ವಯಲಿನಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರೋದಿಲ್ಲ, ಒಮ್ಮೆ ಸೂಜಿ ಚುಚ್ಚಿದ ಮೇಲೆ ಉಳಿದದ್ದು ಸೋಂಕಿಗೆ ದಾರಿ.

ಹೊಟ್ಟೆಗೆ ಚುಚ್ಚೋದಾದರೆ ಹೊಕ್ಕುಳಿಂದ ಎರಡು ಇಂಚು ದೂರ, ವಾರವಾರ ಜಾಗ ಬದಲಿಸಿ. ಶುಗರ್ ಮಾತ್ರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೊದಲೇ ನಡೆದಿದ್ದರೆ ಶುಗರ್ ಕುಸಿಯಬಹುದು, ಅವುಗಳ ಪ್ರಮಾಣ ಡಾಕ್ಟರೇ ಇಳಿಸಬೇಕು. ಮಿರ್ಚಿ ಭಜಿ, ಎಣ್ಣೆ ತೇಲೋ ಪಲ್ಯ ಮೊದಲ ವಾರಗಳಲ್ಲಿ ವಾಕರಿಕೆ ಹೆಚ್ಚಿಸ್ತವೆ. ಅರ್ಧ ರೊಟ್ಟಿ, ತೊಗರಿ ಬೇಳೆ ಸಾಕು. ವಾಂತಿ ನಿಲ್ಲದಿದ್ದರೆ ಈ ಬಿಸಿಲಲ್ಲಿ ಮೈ ನೀರು ಬೇಗ ಆರಿ ಕಿಡ್ನಿಗೆ ಪೆಟ್ಟು. ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹರಡಿದರೆ ಮೇದೋಜೀರಕ ಗ್ರಂಥಿ ಊದಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ಇಂಜೆಕ್ಷನ್ ಜೊತೆ ‘ಆಯುರ್ವೇದಿಕ್’ ಸ್ಲಿಮ್ಮಿಂಗ್ ಪುಡಿ ಸೇರಿಸೋದು ಬೇಡವೇ ಬೇಡ. ಹೃದಯಕ್ಕೆ ಅಪಾಯ ಅಂತ ಭಾರತದಲ್ಲಿ 2011ರಲ್ಲೇ ನಿಷೇಧವಾದ ಹಸಿವು ತಗ್ಗಿಸೋ ಔಷಧಿ ಸಿಬುಟ್ರಮಿನ್ ಇಂಥ ಪುಡಿಗಳಲ್ಲಿ ಕದ್ದು ಸೇರಿರೋದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ.

ಬಳಸಿದ ಸೂಜಿಗೆ ಮುಚ್ಚಳ ತೊಡಿಸಲು ಹೋಗದೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ತುಂಬಿದ ಮೇಲೆ ಟೇಪ್ ಸುತ್ತಿ, ‘ಸೂಜಿ’ ಅಂತ ಬರೆದು, ಕಸದ ಗಾಡಿಯವರಿಗೆ ಬೇರೆಯಾಗಿಯೇ ಕೊಡಿ.